ಬಣ್ಣದ ಹರಿಶ್ಚಂದ್ರ, ಕಪ್ಪು ಬಿಳುಪಿನ ಸತ್ಯ

ಹರಿಶ್ಚಂದ್ರನ ರಾಜವಸ್ತ್ರದ ಬಣ್ಣ ಯಾವುದು?

ಸುಲಭದ ಪ್ರಶ್ನೆ ಅನ್ನಿಸಬಹುದು. ಆದರೆ 1965ರಿಂದ 2008ರವರೆಗೆ, ಅಂದರೆ ಸುಮಾರು 43 ವರ್ಷ, ಕನ್ನಡಿಗರ ಕಣ್ಣಲ್ಲಿ ಕೂತಿದ್ದ ಆ ಹರಿಶ್ಚಂದ್ರನ ಬಟ್ಟೆಗೆ ಬಣ್ಣವೇ ಇರಲಿಲ್ಲ. ನೋಡಿದವರೆಲ್ಲ ತಮ್ಮ ತಮ್ಮ ಮನಸ್ಸಿಗೆ ಬಂದ ಬಣ್ಣ ಹಚ್ಚಿಕೊಂಡಿದ್ದರು. 2008ರ ಏಪ್ರಿಲ್‌ನಲ್ಲಿ ಕಂಪ್ಯೂಟರು ಎಲ್ಲರ ಪರವಾಗಿ ಒಂದು ಬಣ್ಣ ಹಚ್ಚಿ ಮುಗಿಸಿತು. ಅವತ್ತು ಶುರುವಾದ ಜಗಳ ನಮ್ಮ ದಾವಣಗೆರೆ-ಹರಿಹರದ ಅಣ್ಣಾವ್ರ ಅಭಿಮಾನಿಗಳ ನಡುವೆ ಇನ್ನೂ ಪೂರ್ತಿ ಮುಗಿದಿಲ್ಲ. ಬೆಣ್ಣೆ ದೋಸೆ ತಿನ್ನುವಾಗ, ಹರಿಹರದ ಬಸ್ಸಿಗೆ ಕಾಯುವಾಗ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ... ಯಾರಾದರೂ ಕೆದಕಿದರೆ ಸಾಕು, ಶುರು!

ಈ ಜಗಳದ ಚರಿತ್ರೆಯನ್ನು ಒಂದು ಕಡೆ ಬರೆದಿಡೋಣ ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಯಾಕೆಂದರೆ ಇದು ಬರೀ ನಮ್ಮೂರಿನ ಜಗಳ ಅಲ್ಲ. ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಅಭಿಮಾನಿಗಳೂ ಇದೇ ಜಗಳ ಆಡಿದ್ದಾರೆ. ಅವರದ್ದು ಆಕಾಶನೌಕೆ, ನಮ್ಮದು ಮಸಣ. ಪ್ರಶ್ನೆ ಮಾತ್ರ ಒಂದೇ: ಹಳೆಯದನ್ನು ಹೊಸ ತಂತ್ರಜ್ಞಾನದಿಂದ ತಿದ್ದಬಹುದಾ? ತಿದ್ದಿದ ಮೇಲೆ ಅದು ಅದೇನಾ?

ಮೊದಲು ಸಿನಿಮಾದ ಬಗ್ಗೆ ಎರಡು ಮಾತು. 'ಸತ್ಯ ಹರಿಶ್ಚಂದ್ರ' 1965ರ ಚಿತ್ರ. ನಿರ್ದೇಶನ ಹುಣಸೂರು ಕೃಷ್ಣಮೂರ್ತಿ, ನಿರ್ಮಾಣ ಕೆ.ವಿ. ರೆಡ್ಡಿ. ರಾಜ್‌ಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ, ಎಂ.ಪಿ. ಶಂಕರ್ ವೀರಬಾಹು. ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದ್ದು. 13ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆದ ಸಿನಿಮಾ. ಇದೇ ಕಥೆಯನ್ನು ಅದೇ ಹೊತ್ತಿಗೆ ಎನ್.ಟಿ. ರಾಮರಾವ್ ಅವರನ್ನು ಹಾಕಿಕೊಂಡು ಕೆ.ವಿ. ರೆಡ್ಡಿ ತೆಲುಗಿನಲ್ಲೂ ತೆಗೆದರು.

ಇಲ್ಲೊಂದು ಮುಖ್ಯ ಸಂಗತಿ ಇದೆ. 1965ಕ್ಕೆ ಕನ್ನಡಕ್ಕೆ ಬಣ್ಣ ಬಂದಾಗಿತ್ತು. ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' 1964ರಲ್ಲೇ ಪೂರ್ತಿ ಬಣ್ಣದಲ್ಲಿ ಬಂದಿತ್ತು. ಆದರೆ ಬಣ್ಣದ ಫಿಲಂ ದುಬಾರಿ. ಕನ್ನಡದ ಮಾರುಕಟ್ಟೆ ಸಣ್ಣದು. ಹಾಗಾಗಿ ಅದಾದ ಮೇಲೂ ಎಷ್ಟೋ ವರ್ಷ ನಮ್ಮ ಹೆಚ್ಚಿನ ಚಿತ್ರಗಳು ಕಪ್ಪು ಬಿಳುಪಿನಲ್ಲೇ ಬಂದವು. 'ಬಣ್ಣ ಬೇಡ ಅಂತ ಕಪ್ಪು ಬಿಳುಪು' ಮತ್ತು 'ದುಡ್ಡಿಲ್ಲ ಅಂತ ಕಪ್ಪು ಬಿಳುಪು' ಎರಡೂ ಬೇರೆ ಬೇರೆ. ಜಗಳದ ಅರ್ಧ ಭಾಗ ನಿಂತಿರುವುದೇ ಇದರ ಮೇಲೆ. ಬಣ್ಣದ ಪರ ಇರುವವರು ಕೇಳುವುದು ಇದನ್ನೇ: "ಅವರ ಹತ್ರ ದುಡ್ಡಿದ್ದಿದ್ರೆ ಬಣ್ಣದಾಗೇ ತೆಗೀತಿರ್ಲಿಲ್ಲೇನು? ನಾವು ಅವರ ಆಸೇನೇ ಪೂರೈಸಿದಂಗಾತು ಬಿಡ್ರಿ."

ಇದಕ್ಕೆ ದೊಡ್ಡ ಉದಾಹರಣೆ ಹಿಂದಿಯ 'ಮೊಘಲ್-ಎ-ಆಝಮ್'. 1960ರಲ್ಲಿ ಬಿಡುಗಡೆಯಾದಾಗಲೇ ಅದರ ಶೀಶ್ ಮಹಲ್ ಹಾಡು ಬಣ್ಣದಲ್ಲಿತ್ತು. ಕೆ. ಆಸಿಫ್ ಇಡೀ ಚಿತ್ರವನ್ನು ಬಣ್ಣದಲ್ಲಿ ಮಾಡಲು ಒದ್ದಾಡಿದ್ದರು, ಆಗಲಿಲ್ಲ. 2004ರಲ್ಲಿ ಇಡೀ ಚಿತ್ರಕ್ಕೆ ಬಣ್ಣ ಹಾಕಿ ಬಿಟ್ಟರು, ಜನ ಮುಗಿಬಿದ್ದು ನೋಡಿದರು. 2007ರಲ್ಲಿ 'ನಯಾ ದೌರ್' ಬಂತು. ಮೂರನೆಯದೇ ನಮ್ಮ 'ಸತ್ಯ ಹರಿಶ್ಚಂದ್ರ'. ದಕ್ಷಿಣ ಭಾರತದಲ್ಲಿ ಹೀಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿಕೊಂಡ ಮೊದಲ ಚಿತ್ರ ಕನ್ನಡದ್ದು. ಈ ಹೆಮ್ಮೆ ಕೆ.ಸಿ.ಎನ್. ಗೌಡರ ಕುಟುಂಬಕ್ಕೆ ಸಲ್ಲಬೇಕು. ಅವರೇ ಮುಂದೆ ತಮ್ಮದೇ ನಿರ್ಮಾಣದ 1971ರ 'ಕಸ್ತೂರಿ ನಿವಾಸ'ಕ್ಕೂ ಬಣ್ಣ ಹಾಕಿಸಿ 2014ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರು.

ಅಂದ ಹಾಗೆ, 2008ರಲ್ಲಿ ಹರಿಶ್ಚಂದ್ರ ಬಣ್ಣದಲ್ಲಿ ಬರುವ ಹೊತ್ತಿಗೆ ಅದನ್ನು ಮಾಡಿದವರಲ್ಲಿ ಯಾರಿದ್ದರು? ಕೆ.ವಿ. ರೆಡ್ಡಿ 1972ರಲ್ಲೇ ಹೋಗಿದ್ದರು. ನರಸಿಂಹರಾಜು 1979, ಉದಯಕುಮಾರ್ 1985, ಹುಣಸೂರು 1989, ಪಂಡರಿಬಾಯಿ 2003. ಅಣ್ಣಾವ್ರು 2006ರ ಏಪ್ರಿಲ್ 12ರಂದು. "ಹೀಗೆ ಬಣ್ಣ ಹಾಕ್ತೀವಿ, ಸರಿನಾ?" ಅಂತ ಕೇಳೋಣ ಅಂದರೆ ಮುಖ್ಯವಾದವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ. 'ಕಸ್ತೂರಿ ನಿವಾಸ'ದ ವಿಷಯ ಹಾಗಲ್ಲ. ದೊರೈ-ಭಗವಾನ್ ಜೋಡಿಯ ಭಗವಾನ್, ನಾಯಕಿ ಜಯಂತಿ ಇಬ್ಬರೂ 2014ರಲ್ಲಿ ನಮ್ಮ ನಡುವೆ ಇದ್ದರು.

ಈಗ ನಮ್ಮೂರಿನ ಪಕ್ಷಗಳನ್ನು ಪರಿಚಯಿಸುತ್ತೇನೆ.

ಮೊದಲನೆಯ ಪಕ್ಷಕ್ಕೆ ನನ್ನ ದೊಡ್ಡಪ್ಪನೇ ನಾಯಕ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ಪಾಳಿ ಮುಗಿಸಿ ಸೆಕೆಂಡ್ ಶೋಗೆ ಹೋಗುತ್ತಿದ್ದ ಕಾಲದವರು. ಹರಿಶ್ಚಂದ್ರನನ್ನು ಕಪ್ಪು ಬಿಳುಪಿನಲ್ಲಿ ಎಷ್ಟು ಸಲ ನೋಡಿದ್ದಾರೋ ಅವರಿಗೇ ಲೆಕ್ಕ ಇಲ್ಲ. ಅಂಥವರು ಬಣ್ಣ ಬಂದಾಗ ವಿರೋಧಿಸುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಉಲ್ಟಾ! ನನ್ನನ್ನೂ ಎಳೆದುಕೊಂಡು ಹೋಗಿ ನೋಡಿ ಬಂದು, "ತಮ್ಮಾ, ಈಗ ನೋಡು ಅಯೋಧ್ಯೆ ಅಯೋಧ್ಯೆ ಇದ್ದಂಗೆ ಕಂಡ್ತು" ಅಂದರು.

ಎರಡನೆಯ ಪಕ್ಷ ನನ್ನ ವಾರಿಗೆಯವರದ್ದು. ಇವರಲ್ಲಿ ಹೆಚ್ಚಿನವರು ಆ ಸಿನಿಮಾ ನೋಡಿದ್ದು ಟಿವಿಯಲ್ಲಿ, ಅದೂ ಅರ್ಧಂಬರ್ಧ. ಆದರೂ ಇವರೇ ಕಪ್ಪು ಬಿಳುಪಿನ ಕಟ್ಟಾಳುಗಳು. "ಮಸಣದ ಕತ್ತಲೆಗೆ ನೀಲಿ ಬಳಿದು ಬಿಟ್ಟಿದಾರೆ ಮಾರಾಯಾ, ಅಜ್ಜಿಗೆ ಲಿಪ್‌ಸ್ಟಿಕ್ ಹಚ್ಚಿದಂಗಿದೆ" ಅನ್ನೋರು. ಹಳೆಯದನ್ನು ಹಳೆಯದಾಗಿಯೇ ಪ್ರೀತಿಸುವುದು ಹೆಚ್ಚಾಗಿ ಹೊಸಬರ ಚಟ ಅನ್ನೋದು ನಾನು ಕಂಡುಕೊಂಡ ಸತ್ಯ. :)

ಮೂರನೆಯ ಪಕ್ಷದಲ್ಲಿ ಇರುವವರು ಒಬ್ಬರೇ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ನಡುವೆ ಬದುಕು ಸವೆಸಿದ ನಮ್ಮ ಪರಿಚಯದ ಹಿರಿಯರು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾದರೂ ಅವರ ಮಾತಿನಲ್ಲಿ ಇನ್ನೂ ಮೈಕ್ರೋಮೀಟರ್ ಇದೆ. ಅವರು ಎರಡೂ ಕಡೆ ಸೇರಲಿಲ್ಲ. "ಬಣ್ಣ ಹಾಕ್ರಿ, ಬಿಡ್ರಿ, ಅದು ನಿಮ್ಮಿಷ್ಟ. ಆದ್ರ ಮಾಸ್ಟರ್ ಪೀಸ್ ಎಲ್ಲೈತಿ ಅದನ್ನ ಮೊದ್ಲು ಹೇಳ್ರಿ" ಅಂದರು. ಅಳತೆಗೆ ಇಟ್ಟುಕೊಂಡ ಮೂಲ ತುಂಡು ಭದ್ರವಾಗಿದ್ದರೆ ಅದರಿಂದ ಎಷ್ಟು ಬೇಕಾದರೂ ಹೊಸದು ಮಾಡಬಹುದು. ಮೂಲವನ್ನೇ ಉಜ್ಜಿ ತಿದ್ದಿದರೆ ಆಮೇಲೆ ಮಾಡಿದ್ದೆಲ್ಲ ತಪ್ಪು ಅಳತೆಯೇ. ಈ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಡೀ ಚರಿತ್ರೆಯನ್ನು ಅದೇ ಮಾತಿನ ಬೆಳಕಿನಲ್ಲಿ ನೋಡಿದರೆ ತುಂಬಾ ಸಂಗತಿ ತಿಳಿಯಾಗುತ್ತದೆ.

ಈಗ ಅಮೆರಿಕಕ್ಕೆ ಹೋಗಿ ಬರೋಣ.

'ಸ್ಟಾರ್ ಟ್ರೆಕ್' 1966ರಿಂದ 1969ರವರೆಗೆ ಪ್ರಸಾರವಾದ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ. ಒಟ್ಟು 79 ಕಂತು. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿತ್ತು. ಅದರ ಆಕಾಶನೌಕೆ ಎಂಟರ್‌ಪ್ರೈಸ್ ಅಂದರೆ ಸ್ಟುಡಿಯೋದಲ್ಲಿ ನಿಲ್ಲಿಸಿದ್ದ ಸುಮಾರು 11 ಅಡಿಯ ಒಂದು ಮಾದರಿ. ಅದನ್ನು ಬೇರೆ ಚಿತ್ರೀಕರಿಸಿ, ನಕ್ಷತ್ರಗಳನ್ನು ಬೇರೆ ಚಿತ್ರೀಕರಿಸಿ, ಎರಡನ್ನೂ ಒಂದರ ಮೇಲೊಂದು ಮುದ್ರಿಸುತ್ತಿದ್ದರು. ಪ್ರತಿ ಮುದ್ರಣಕ್ಕೂ ಚಿತ್ರ ಒಂದಿಷ್ಟು ಮಸುಕಾಗುತ್ತಿತ್ತು. ಅಂದಿನ ಸಣ್ಣ ಟಿವಿಗಳಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಎಚ್‌ಡಿ ಟಿವಿ ಬಂದ ಮೇಲೆ ಎಲ್ಲ ಬಯಲಾಯಿತು. ನಟರ ಮುಖ ಕನ್ನಡಿಯಷ್ಟು ಸ್ವಚ್ಛ, ನೌಕೆ ಬಂದ ಕೂಡಲೇ ಮಬ್ಬು.

2006ರಲ್ಲಿ, ಧಾರಾವಾಹಿಗೆ 40 ವರ್ಷ ತುಂಬಿದಾಗ, ಹಕ್ಕು ಹೊಂದಿದ್ದ ಸಿಬಿಎಸ್ ಸಂಸ್ಥೆ ಮೂಲ ನೆಗೆಟಿವ್‌ಗಳನ್ನು ಹೊಸದಾಗಿ ಸ್ಕ್ಯಾನ್ ಮಾಡಿಸಿತು. ಜೊತೆಗೆ ನೌಕೆ, ಗ್ರಹಗಳು, ದೂರದ ನಗರಗಳು... ಇಂಥ ದೃಶ್ಯಗಳನ್ನು ಕಿತ್ತು ಕಂಪ್ಯೂಟರಿನಲ್ಲಿ ಮಾಡಿದ ಹೊಸ ದೃಶ್ಯಗಳನ್ನು ಕೂರಿಸಿತು. ಅಭಿಮಾನಿಗಳು ಎರಡು ಹೋಳಾದರು. ಕಥೆ ಅದೇ, ನಟರು ಅವರೇ, ನೌಕೆ ಚೆನ್ನಾಗಿ ಕಂಡರೆ ನಿಮಗೇನು ಕಷ್ಟ ಅಂತ ಒಂದು ಗುಂಪು. ಆ ಮಾದರಿ ಮಾಡಿದವರ ಕೈಕೆಲಸವೇ ಚರಿತ್ರೆ, ಅದನ್ನು ಅಳಿಸಲು ನೀವು ಯಾರು ಅಂತ ಇನ್ನೊಂದು ಗುಂಪು. ನಮ್ಮ ದೊಡ್ಡಪ್ಪ ಮತ್ತು ನನ್ನ ಗೆಳೆಯರೇ ಇಂಗ್ಲಿಷಿನಲ್ಲಿ ಜಗಳ ಆಡಿದ ಹಾಗಿತ್ತು!

ಆ ಜಗಳ ತಣ್ಣಗಾಗಿದ್ದು ಹೇಗೆ ಗೊತ್ತಾ? 2009ರಲ್ಲಿ ಬ್ಲೂ-ರೇ ಡಿಸ್ಕ್ ಬಂದಾಗ ಎರಡನ್ನೂ ಒಂದರಲ್ಲೇ ಕೊಟ್ಟರು. ರಿಮೋಟಿನ ಗುಂಡಿ ಒತ್ತಿದರೆ ಹಳೆಯ ನೌಕೆ, ಇನ್ನೊಮ್ಮೆ ಒತ್ತಿದರೆ ಹೊಸದು. ಯಾರು ಗೆದ್ದರು ಅನ್ನೋ ಪ್ರಶ್ನೆಯೇ ಬರಲಿಲ್ಲ. ಹರಿಹರದ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಡೆಯಿತು. ಮಾಸ್ಟರ್ ಪೀಸ್ ಉಳಿಯಿತು, ಹೊಸದೂ ಬಂತು.

ಇದಕ್ಕೆ ತದ್ವಿರುದ್ಧ 'ಸ್ಟಾರ್ ವಾರ್ಸ್' ಕಥೆ. 1977ರ ಈ ಚಿತ್ರವನ್ನು ಜಾರ್ಜ್ ಲ್ಯೂಕಾಸ್ 1997ರಲ್ಲಿ ಹೊಸ ಗ್ರಾಫಿಕ್ಸ್ ಹಾಕಿ ಮತ್ತೆ ಬಿಟ್ಟರು. ಒಂದು ದೃಶ್ಯದಲ್ಲಿ ನಾಯಕನ ಗೆಳೆಯ ಹ್ಯಾನ್ ಸೋಲೋ ಎದುರಾಳಿಗೆ ಮೊದಲು ಗುಂಡು ಹೊಡೆಯುತ್ತಿದ್ದ. ಹೊಸದರಲ್ಲಿ ಎದುರಾಳಿಯೇ ಮೊದಲು ಹೊಡೆಯುವ ಹಾಗೆ ಮಾಡಿದರು. ಅಲ್ಲಿಗೆ ಪಾತ್ರದ ಗುಣವೇ ಬದಲಾಯಿತು ಅಂತ ಅಭಿಮಾನಿಗಳು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಅವರ ನಿಜವಾದ ಸಿಟ್ಟು ಬೇರೆಯೇ ಇದೆ. ಲ್ಯೂಕಾಸ್ ಹೊಸದನ್ನು ಕೊಟ್ಟು ಹಳೆಯದನ್ನು ಒಳಗಿಟ್ಟುಬಿಟ್ಟರು. 2006ರಲ್ಲಿ ಡಿವಿಡಿ ಜೊತೆ ಹೆಚ್ಚುವರಿಯಾಗಿ ಕಡಿಮೆ ಗುಣಮಟ್ಟದಲ್ಲಿ ಹಳೆಯದು ಬಂದಿದ್ದೇ ಬಹಳವಾಯಿತು.

ವಿಚಿತ್ರ ಏನೆಂದರೆ, ಇದೇ ಲ್ಯೂಕಾಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ನಿಂತು, ಹಳೆಯ ಚಿತ್ರಗಳಿಗೆ ಬಣ್ಣ ಹಾಕುವುದನ್ನು ಕಟುವಾಗಿ ವಿರೋಧಿಸಿದ್ದರು. ಆಗ ಟೆಡ್ ಟರ್ನರ್ ಎಂಜಿಎಂ ಸಂಸ್ಥೆಯ ಹಳೆಯ ಚಿತ್ರಗಳನ್ನು ಕೊಂಡು ಒಂದೊಂದಕ್ಕೇ ಬಣ್ಣ ಹಾಕಿಸುತ್ತಿದ್ದ ಕಾಲ. ಕಲಾವಿದರ ಕೆಲಸವನ್ನು ಬೇರೆಯವರು ತಿದ್ದಬಾರದು ಅನ್ನೋದು ಅವರ ವಾದವಾಗಿತ್ತು. ಹಾಗಾದರೆ ಕಲಾವಿದನೇ ತಿದ್ದಿದರೆ? ಆಗ ಅದು ನೋಡಿದವರದ್ದೂ ಆಗಿರುವುದಿಲ್ಲವೇ? ಈ ಎರಡನೇ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಮತ್ತೆ ನಮ್ಮ ಹರಿಶ್ಚಂದ್ರನಿಗೆ ಬರೋಣ.

ಬಣ್ಣ ಹಾಕುವುದು ಅಂದರೆ ಏನು ಮಾಡುತ್ತಾರೆ? ಫಿಲಂ ಅನ್ನು ಒಂದೊಂದೇ ಚೌಕವಾಗಿ ಸ್ಕ್ಯಾನ್ ಮಾಡಿ ಗೀರು, ಧೂಳು ತೆಗೆಯುತ್ತಾರೆ. ಸೆಕೆಂಡಿಗೆ 24 ಚೌಕ. ಎರಡೂವರೆ ಗಂಟೆಗೆ ಲೆಕ್ಕ ಹಾಕಿದರೆ 2,16,000 ಚೌಕ! ಆಮೇಲೆ ಪ್ರತಿ ದೃಶ್ಯದಲ್ಲೂ ಮುಖ ಇಷ್ಟು, ಸೀರೆ ಇಷ್ಟು, ಕಂಬ ಇಷ್ಟು ಅಂತ ಗಡಿ ಗುರುತಿಸಿ ಒಂದೊಂದಕ್ಕೂ ಬಣ್ಣ ಕೊಡುತ್ತಾರೆ. ಕೆಲವು ಮುಖ್ಯ ಚೌಕಗಳಿಗೆ ಕೈಯಿಂದ ಬಣ್ಣ ನಿಗದಿ ಮಾಡಿದರೆ ನಡುವಿನವುಗಳಿಗೆ ಕಂಪ್ಯೂಟರು ತುಂಬಿಸುತ್ತದೆ. ಹಳೆಯ ಚಿತ್ರದ ಬೆಳಕು-ನೆರಳು ಹಾಗೇ ಇರುತ್ತದೆ. ಅದರ ಮೇಲೆ ಬಣ್ಣದ ಒಂದು ತೆಳು ಪದರ ಕೂರುತ್ತದೆ, ಅಷ್ಟೇ.

ಆದರೆ ಬಣ್ಣ ಯಾವುದು ಅಂತ ತೀರ್ಮಾನಿಸುವುದು ಹೇಗೆ? ಕಪ್ಪು ಬಿಳುಪಿನ ಫಿಲಂನಲ್ಲಿ ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಬೂದಿಯಾಗಿ ಕಾಣಬಹುದು. ಬೂದಿಯಿಂದ ಬಣ್ಣ ವಾಪಸ್ ತೆಗೆಯಲು ಆಗುವುದಿಲ್ಲ. ಊಹೆಯೇ ಗತಿ. ಇನ್ನೊಂದು ವಿಷಯ: ಅಂದಿನ ಕಲಾ ನಿರ್ದೇಶಕರು ಬಟ್ಟೆ, ಸೆಟ್ಟು ಆಯ್ಕೆ ಮಾಡುತ್ತಿದ್ದುದೇ ಬೂದಿಯಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿಕೊಂಡು. ಎದುರಿಗೆ ನಿಂತವರ ಕಣ್ಣಿಗೆ ಏನೇನೋ ಆಗಿ ಕಂಡ ಬಣ್ಣ ಪರದೆ ಮೇಲೆ ಹದವಾದ ಬಿಳುಪಾಗಿ ಕಾಣುತ್ತಿತ್ತು. ಹಾಗಾಗಿ ಬಣ್ಣದ ಹರಿಶ್ಚಂದ್ರ ತೋರಿಸುವುದು 1965ರಲ್ಲಿ ಸೆಟ್ಟಿನಲ್ಲಿ ಇದ್ದ ಬಣ್ಣವೂ ಅಲ್ಲ, 1965ರಲ್ಲಿ ಪರದೆಯ ಮೇಲೆ ಕಂಡಿದ್ದೂ ಅಲ್ಲ. ಅದು 2008ರವರು ಹೊಸದಾಗಿ ಮಾಡಿದ ಮೂರನೆಯ ವಸ್ತು.

ಅರಮನೆಯ ದೃಶ್ಯಗಳಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ದೊಡ್ಡಪ್ಪ ಹೇಳಿದ ಹಾಗೆ ಅಯೋಧ್ಯೆಗೆ ಕಳೆ ಬಂತು. ಚಿತ್ರದ ಎರಡನೆಯ ಅರ್ಧ ಹಾಗಲ್ಲ. ರಾಜ್ಯ ಹೋಗಿ, ಹೆಂಡತಿ ಮಗ ಹೋಗಿ, ರಾಜ ಮಸಣ ಕಾಯುವವನಾಗುತ್ತಾನೆ. ಅಲ್ಲಿ ಕತ್ತಲೆಯೇ ಒಂದು ಪಾತ್ರ. ಬೆಂಕಿಯ ಬೆಳಕಿನಲ್ಲಿ ಅಣ್ಣಾವ್ರ ಮುಖದ ಅರ್ಧ ಮಾತ್ರ ಕಾಣುವಾಗ ಉಳಿದರ್ಧವನ್ನು ನಾವು ತುಂಬಿಕೊಳ್ಳುತ್ತೇವೆ. ಹುಟ್ಟಿನಲ್ಲಿ ಮೇಲೆ ಕೀಳು ಎಲ್ಲಿದೆ ಅಂತ ಕೇಳುತ್ತಾ ವೀರಬಾಹು ಕುಣಿಯುವ ಆ ಹಾಡಿನಲ್ಲೂ ಅಷ್ಟೇ. ಅಲ್ಲಿ ರಾಜನಿಗೂ ಮಸಣದ ಒಡೆಯನಿಗೂ ಒಂದೇ ಬೂದಿ ಬಣ್ಣ. ಅದು ಬೇಕೆಂದೇ ಮಾಡಿದ್ದಲ್ಲದೆ ಇರಬಹುದು, ಆದರೆ ಆ ಹಾಡಿಗೆ ಅದಕ್ಕಿಂತ ಒಪ್ಪುವ ಬಣ್ಣ ಇನ್ನೊಂದಿಲ್ಲ.

ಇದೇ ಕೆ.ವಿ. ರೆಡ್ಡಿ 1957ರಲ್ಲಿ ತೆಲುಗಿನಲ್ಲಿ ನಿರ್ದೇಶಿಸಿದ 'ಮಾಯಾಬಜಾರ್' ನೆನಪಿದೆಯಲ್ಲ? ಘಟೋತ್ಕಚನ ಬಾಯಿಗೆ ಲಡ್ಡುಗಳು ತಾವಾಗೇ ಹಾರಿ ಹೋಗುವ ದೃಶ್ಯ! ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಮಾಡಿದ ಚಮತ್ಕಾರಗಳು ಅವು. ದೋಣಿ ಹಾಡಿನಲ್ಲಿ ಅವರು ಸೃಷ್ಟಿಸಿದ ಬೆಳದಿಂಗಳನ್ನು ಜನ ಇವತ್ತಿಗೂ ಹೊಗಳುತ್ತಾರೆ. 2010ರಲ್ಲಿ ಅದಕ್ಕೂ ಬಣ್ಣ ಬಂತು. ಚೆನ್ನಾಗಿಯೇ ಓಡಿತು. ಆದರೆ ಉದ್ದ ಕಡಿಮೆ ಮಾಡಲು ಕೆಲವು ಹಾಡುಗಳನ್ನೂ ಪದ್ಯಗಳನ್ನೂ ತೆಗೆದುಹಾಕಿದರು. ನೋಡಿ, ಬಣ್ಣದ ಹೆಸರಲ್ಲಿ ಕತ್ತರಿಯೂ ಒಳಗೆ ಬಂತು. ಬಣ್ಣಕ್ಕಿಂತ ನನಗೆ ಭಯ ಇರುವುದು ಈ ಕತ್ತರಿಯದ್ದೇ.

ಇಲ್ಲಿ ದೊಡ್ಡಪ್ಪನ ಪಕ್ಷಕ್ಕೂ ನ್ಯಾಯ ಒದಗಿಸಬೇಕು. ಅವರಿಗೆ ಬಣ್ಣ ಯಾಕೆ ತೊಂದರೆ ಅನ್ನಿಸಲಿಲ್ಲ? ಯೋಚಿಸಿದಾಗ ಹೊಳೆದದ್ದು ಕಂಪನಿ ನಾಟಕ. ದಾವಣಗೆರೆ ಅಂದರೆ ನಾಟಕ ಕಂಪನಿಗಳ ತವರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದೇ. 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಆ ಮನೆತನದ ಮಗಳು. ಕಂಪನಿ ನಾಟಕದಲ್ಲಿ ಕ್ಯಾಂಪಿನಿಂದ ಕ್ಯಾಂಪಿಗೆ ಪರದೆ ಬದಲಾಗುತ್ತದೆ, ಹಾಡು ಬದಲಾಗುತ್ತದೆ. ದೇವರು ಪ್ರತ್ಯಕ್ಷನಾಗುವ ಟ್ರಿಕ್ ಸೀನಿಗೆ ಈ ಸಲ ಹೊಸ ಲೈಟು ಹಾಕಿದ್ದಾರೆ ಅಂತ ಗೊತ್ತಾದರೆ ಜನ ಅದನ್ನು ನೋಡಲಿಕ್ಕೇ ಮತ್ತೆ ಟಿಕೆಟ್ ತೆಗೆಸುತ್ತಿದ್ದರು. ಹಳೆಯ ಲೈಟೇ ಚೆನ್ನಾಗಿತ್ತು ಅಂತ ಯಾರೂ ಪ್ರತಿಭಟನೆ ಮಾಡಲಿಲ್ಲ! ಹರಿಶ್ಚಂದ್ರ ಚಿತ್ರದ ರಾಜ್‌ಕುಮಾರ್, ನರಸಿಂಹರಾಜು ಎಲ್ಲ ಬಂದಿದ್ದೂ ಅದೇ ರಂಗದಿಂದ. ದೊಡ್ಡಪ್ಪನ ಪಾಲಿಗೆ 2008ರ ಬಣ್ಣ ಅಂದರೆ ಹಳೇ ಕಂಪನಿ ಹೊಸ ಪರದೆ ಕಟ್ಟಿಕೊಂಡು ಮತ್ತೆ ಊರಿಗೆ ಬಂದ ಹಾಗೆ.

ಇನ್ನೂ ಹಿಂದಕ್ಕೆ ಹೋದರೆ ವಾದ ಮತ್ತಷ್ಟು ಗಟ್ಟಿಯಾಗುತ್ತದೆ. ಹರಿಶ್ಚಂದ್ರನ ಕಥೆ ಹಳೆಯದಾದ ಐತರೇಯ ಬ್ರಾಹ್ಮಣದಲ್ಲಿ ಬೇರೆಯೇ ಇದೆ. ಅಲ್ಲಿ ಮಕ್ಕಳಿಲ್ಲದ ರಾಜ, ಹುಟ್ಟಿದ ಮಗನನ್ನು ವರುಣನಿಗೆ ಕೊಡುವ ಹರಕೆ, ಶುನಃಶೇಪ. ಮಸಣ ಕಾಯುವ ರಾಜ ಬರುವುದು ಮಾರ್ಕಂಡೇಯ ಪುರಾಣದಲ್ಲಿ. ಅದನ್ನು ತೆಗೆದುಕೊಂಡು ನಮ್ಮ ಹಂಪೆಯ ರಾಘವಾಂಕ ಷಟ್ಪದಿಯಲ್ಲಿ ಕನ್ನಡದ್ದೇ ಕಥೆ ಮಾಡಿಬಿಟ್ಟ. ವಸಿಷ್ಠ-ವಿಶ್ವಾಮಿತ್ರರ ಪಂತಕ್ಕೆ ರಂಗು ತುಂಬಿದ, ಹಾಡುವ ಅನಾಮಿಕೆಯರನ್ನು ತಂದ. ರಾಘವಾಂಕನ ಸೋದರಮಾವ, ಗುರು, ಹರಿಹರ ಕವಿ ಇದನ್ನು ಕಂಡು ಸಿಟ್ಟಾಗಿ ಹೊಡೆದ, ಅಳಿಯನ ಐದು ಹಲ್ಲು ಉದುರಿದವು ಅಂತ ಒಂದು ಐತಿಹ್ಯ ಇದೆ. ಶಿವಭಕ್ತರನ್ನು ಬಿಟ್ಟು ಬೇರೆಯವರನ್ನು ಹಾಡಿದ್ದಕ್ಕೆ ಸಿಟ್ಟು ಅಂತಾರೆ. ಹಳೆಯದನ್ನು ಹೊಸದು ಮಾಡಿದವನಿಗೆ ಏಟು ಬೀಳುವುದು ಇವತ್ತಿನದ್ದಲ್ಲ ಬಿಡಿ!

"ಹಾಗಾದ್ರೆ ರಾಘವಾಂಕ ಮಾಡಿದ್ದು ಸರಿ, ಕಂಪ್ಯೂಟರು ಮಾಡಿದ್ದು ತಪ್ಪಾ?" ಅಂತ ದೊಡ್ಡಪ್ಪ ಕೇಳಬಹುದು. ನನ್ನ ಉತ್ತರ ಇದು. ರಾಘವಾಂಕ ಹೊಸ ಕಾವ್ಯ ಬರೆದ. ಮಾರ್ಕಂಡೇಯ ಪುರಾಣದ ಓಲೆಗರಿಯ ಮೇಲೆ ಹೊಸ ಮಸಿ ಸುರಿಯಲಿಲ್ಲ. ಆ ಪುರಾಣ ಇವತ್ತಿಗೂ ಇದೆ, ಬೇಕಾದವರು ಓದಬಹುದು. ಕಂಪನಿ ನಾಟಕಕ್ಕೆ ಮೂಲ ಪ್ರತಿ ಅನ್ನುವುದೇ ಇಲ್ಲ, ಪ್ರತಿ ರಾತ್ರಿಯ ಆಟವೂ ಮೂಲವೇ. ಸಿನಿಮಾ ಎರಡೂ ಅಲ್ಲ. ಒಂದು ದಿನ, ಒಂದು ಬೆಳಕಿನಲ್ಲಿ, ಆ ನಟ ಹಾಗೆ ನಿಂತಿದ್ದ ಅನ್ನುವುದಕ್ಕೆ ಅಚ್ಚು ಅದು. ಅದನ್ನು ಇನ್ನೊಮ್ಮೆ ಆಡಲು ಆಗುವುದಿಲ್ಲ. ಹೊಸ ಹರಿಶ್ಚಂದ್ರ ಸಿನಿಮಾ ಮಾಡಿ, ಯಾರೂ ಬೇಡ ಅನ್ನಲ್ಲ. ಹಳೆಯ ಅಚ್ಚಿನ ಮೇಲೆ ಕೈ ಇಡುವಾಗ ಮಾತ್ರ ಹರಿಹರದ ಹಿರಿಯರ ಪ್ರಶ್ನೆ ಕೇಳಲೇಬೇಕು. ಮಾಸ್ಟರ್ ಪೀಸ್ ಎಲ್ಲೈತಿ?

ಈ ಪ್ರಶ್ನೆ ಕನ್ನಡಕ್ಕೆ ಯಾಕೆ ಇಷ್ಟು ಮುಖ್ಯ ಅಂದರೆ, ನಾವು ಈ ವಿಷಯದಲ್ಲಿ ದಂಡ ತೆತ್ತವರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಬಣ್ಣ ಹಾಕೋದಾ ಬೇಡವಾ ಅಂತ ಜಗಳ ಆಡಲಿಕ್ಕೂ ಏನೂ ಉಳಿದಿಲ್ಲ! ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ. 2003ರ ಜನವರಿಯಲ್ಲಿ ಅಲ್ಲಿನ ಫಿಲಂ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಬೆಂಕಿ ಬಿದ್ದು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲಂಗಳು ಸುಟ್ಟುಹೋದವು.

ಕಾನೂನು ಏನು ಹೇಳುತ್ತದೆ? ಫ್ರಾನ್ಸ್‌ನಲ್ಲಿ ಜಾನ್ ಹ್ಯೂಸ್ಟನ್ ನಿರ್ದೇಶನದ ಒಂದು ಕಪ್ಪು ಬಿಳುಪು ಚಿತ್ರದ ಬಣ್ಣದ ಪ್ರತಿಯನ್ನು ಟಿವಿಯಲ್ಲಿ ತೋರಿಸುವ ವಿಚಾರ ಕೋರ್ಟಿಗೆ ಹೋಗಿ, 1991ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಿರ್ದೇಶಕನ ನೈತಿಕ ಹಕ್ಕಿನ ಪರ ನಿಂತಿತು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ. ನಿರ್ದೇಶಕ ಅಲ್ಲ, ಛಾಯಾಗ್ರಾಹಕ ಅಲ್ಲ, ನಟನಂತೂ ಅಲ್ಲವೇ ಅಲ್ಲ. ಹಕ್ಕು ಕೊಂಡವರು ಬಣ್ಣ ಹಾಕಬಹುದು. ಆ ಹಕ್ಕಿಗೂ ಅವಧಿ ಇದೆ. ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1965ರ ಸಿನಿಮಾಕ್ಕೆ ಆ ಲೆಕ್ಕ 2025ರ ಡಿಸೆಂಬರ್ 31ಕ್ಕೆ ಬರುತ್ತದೆ. ಈಗ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಬಂದು, ಒಂದು ಕಾಲಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಕಾಲ. ನಾಳೆ ಹರಿಶ್ಚಂದ್ರನಿಗೆ ಹತ್ತು ಬಣ್ಣ ಬರಬಹುದು. ಹಕ್ಕು ಊರಿಗೆಲ್ಲ ಸೇರಿದರೂ ನೆಗೆಟಿವ್ ಊರಿಗೆಲ್ಲ ಸೇರಿರುವುದಿಲ್ಲ. ಹತ್ತು ಬಣ್ಣಗಳ ನಡುವೆ ಬಣ್ಣವಿಲ್ಲದ ಒಂದನ್ನು ಕಾಯುವವರು ಯಾರು? ಈ ಸಲ ಮಸಣ ಕಾಯಬೇಕಾದವರು ನಾವೇನೋ!

ನಿರಾಶೆಯಿಂದ ಮುಗಿಸುವುದು ಬೇಡ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ನಿಮಗೆಲ್ಲ ಗೊತ್ತು. ಅನಂತಮೂರ್ತಿಯವರ ಕಥೆ, 1977ರ ಸ್ವರ್ಣಕಮಲ, ಕಪ್ಪು ಬಿಳುಪು. ಪುಣೆಯ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್ ಹಿಡಿದು, ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲಂ ಫೌಂಡೇಶನ್ ಸೇರಿ ಅದನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಬಣ್ಣ ಹಾಕಲಿಲ್ಲ, ಕತ್ತರಿ ಹಾಕಲಿಲ್ಲ. ನಿರ್ದೇಶಕರನ್ನೇ ಜೊತೆಗಿಟ್ಟುಕೊಂಡು ಮಾಡಿದ ಕೆಲಸ. ದುಡ್ಡು ಯಾರದ್ದು ಗೊತ್ತಾ? ಹಾಬ್ಸನ್/ಲ್ಯೂಕಾಸ್ ಫ್ಯಾಮಿಲಿ ಫೌಂಡೇಶನ್‌ದು. ಹೌದು, ಅದೇ ಜಾರ್ಜ್ ಲ್ಯೂಕಾಸ್! ತನ್ನ ಸ್ವಂತ ಚಿತ್ರದ ಹಳೆಯ ರೂಪವನ್ನು ಅಭಿಮಾನಿಗಳಿಂದ ದೂರ ಇಟ್ಟ ಮನುಷ್ಯನ ದುಡ್ಡಿನಿಂದ ಮಲೆನಾಡಿನ ಒಂದು ಕಪ್ಪು ಬಿಳುಪಿನ ಕನ್ನಡ ಚಿತ್ರ ಇದ್ದ ಹಾಗೇ ಉಳಿಯಿತು. ಇದನ್ನು ತಿಳಿದಾಗ ನನಗೆ ನಗಬೇಕೋ ಕೈ ಮುಗಿಯಬೇಕೋ ಗೊತ್ತಾಗಲಿಲ್ಲ. ಕೊನೆಗೆ ಎರಡನ್ನೂ ಮಾಡಿದೆ.

ಹಾಗಾದರೆ ನನ್ನ ಪಕ್ಷ ಯಾವುದು? ಹರಿಹರದವರ ಪಕ್ಷ. ನಮ್ಮ ಹರಿಹರೇಶ್ವರನನ್ನೇ ನೋಡಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಒಳಗಿನ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಯಾರು ದೊಡ್ಡವರು ಅನ್ನೋ ಜಗಳಕ್ಕೆ ಶಿಲ್ಪಿ ಕೊಟ್ಟ ಉತ್ತರ ಅದು. ಆದರೆ ಗಮನಿಸಿ, ಅವನು ಎರಡನ್ನೂ ಕಲಸಿ ಮೂರನೆಯ ದೇವರನ್ನು ಮಾಡಲಿಲ್ಲ. ತ್ರಿಶೂಲ ತ್ರಿಶೂಲವಾಗಿಯೇ ಇದೆ, ಚಕ್ರ ಚಕ್ರವಾಗಿಯೇ ಇದೆ. ಒಂದನ್ನು ಉಳಿಸಲು ಇನ್ನೊಂದನ್ನು ಕೆತ್ತಿ ಹಾಕಲಿಲ್ಲ.

ದೊಡ್ಡಪ್ಪನಂಥವರಿಗೆ ಬಣ್ಣದ ಹರಿಶ್ಚಂದ್ರ ಇರಲಿ. ಅದು ಬಂದಿದ್ದರಿಂದಲೇ ಹಳೆಯ ಫಿಲಂನ ಗೀರು ಹೋಯಿತು, ಆ ಸಿನಿಮಾ ನೋಡದ ಎಷ್ಟೋ ಹುಡುಗರು ಥಿಯೇಟರಿಗೆ ಬಂದರು. ಇದನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರ, ಅದೂ ಹರಿಶ್ಚಂದ್ರನ ವಿಷಯದಲ್ಲಿ! ಆದರೆ ಬಣ್ಣ ಹಾಕುವ ಮೊದಲು ಸ್ವಚ್ಛ ಮಾಡಿದ ಕಪ್ಪು ಬಿಳುಪಿನ ಪ್ರತಿಯೂ ಬಣ್ಣದ ಜೊತೆಯಲ್ಲೇ ಹೊರಗೆ ಬರಬೇಕು. ಆ ಅರ್ಧ ಕೆಲಸ ಹೇಗಿದ್ದರೂ ಮಾಡಲೇಬೇಕಲ್ಲ. ಸ್ಟಾರ್ ಟ್ರೆಕ್‌ನವರು ಒಂದು ಗುಂಡಿಯಲ್ಲಿ ಮುಗಿಸಿದ್ದನ್ನು ನಾವು ಯಾಕೆ ಮಾಡಬಾರದು?

ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಅವರ ನೆನಪಿನಲ್ಲಿ ಹರಿಶ್ಚಂದ್ರನ ರಾಜವಸ್ತ್ರಕ್ಕೆ ಯಾವ ಬಣ್ಣ ಅಂತ. ಒಬ್ಬೊಬ್ಬರದ್ದು ಒಂದೊಂದು ಉತ್ತರ ಬಂದರೆ ಆಶ್ಚರ್ಯ ಪಡಬೇಡಿ. ಅವೆಲ್ಲ ಸರಿಯೇ.